ಜೂಡೋದ ಮೊರೋತೆ ಸೆಯೊಯಿ ನಾಗೆ: ಉಚಿಕೋಮಿಯಲ್ಲಿ ಸರಿ, ರಾಂಡೋರಿಯಲ್ಲಿ ಉಕೆ ಅಲ್ಲಾಡೋದೇ ಇಲ್ಲ, ಮೊಣಕೈ ನೋವು ಬೇರೆ

ಹಳದಿಬೆಲ್ಟ್_ಹಾಸನ

ಎಲ್ಲರಿಗೂ ನಮಸ್ಕಾರ. ನನ್ನದು ಬಲಗಡೆ ಹಿಡಿತ. ಕೆಲವು ತಿಂಗಳಿಂದ ಮೊರೋತೆ ಸೆಯೊಯಿ ನಾಗೆ (ಎರಡೂ ಕೈಯಲ್ಲಿ ಹಿಡಿದು, ತಿರುಗಿ, ಬೆನ್ನ ಮೇಲಿಂದ ಎಸೆಯುವ ಪಟ್ಟು) ಹಿಡಿದು ಕೂತಿದ್ದೇನೆ. ಉಚಿಕೋಮಿಯಲ್ಲಿ (ಎಸೆಯದೆ, ಒಳಗೆ ಹೋಗೋದನ್ನಷ್ಟೇ ಮತ್ತೆ ಮತ್ತೆ ಮಾಡುವ ಅಭ್ಯಾಸ) ಬೇಗ ಒಳಗೆ ಹೋಗುತ್ತೇನೆ, ವೇಗ ಚೆನ್ನಾಗಿದೆ ಅಂತ ಕೋಚ್ ಕೂಡ ಹೇಳುತ್ತಾರೆ. ರಾಂಡೋರಿ (ಇಬ್ಬರೂ ಎದುರಾಡುವ ಅಭ್ಯಾಸದ ಸೆಣಸಾಟ) ಶುರುವಾದರೆ ಕಥೆಯೇ ಬೇರೆ. ನಾನು ತಿರುಗಿದ ತಕ್ಷಣ ಉಕೆ, ಅಂದರೆ ನಾನು ಎಸೆಯಬೇಕಾದ ಜೊತೆಗಾರ, ಹಿಂದಕ್ಕೆ ಭಾರ ಹಾಕಿ ಗಟ್ಟಿಯಾಗಿ ನಿಂತುಬಿಡುತ್ತಾನೆ. ಬಗ್ಗಿ ಎಳೆದರೂ ಜಗ್ಗೋದಿಲ್ಲ. ಕೊನೆಗೆ ನಾನೇ ಮಂಡಿ ಮೇಲೆ ಬಿದ್ದು, ಅವನು ಬೆನ್ನ ಮೇಲೆ ಹತ್ತಿ ಕೊರಳಪಟ್ಟಿಗೆ ಕೈ ಹಾಕುತ್ತಾನೆ.

ಇದರ ಜೊತೆ ಬಲ ಮೊಣಕೈಯ ಒಳಬದಿ ನೋವು. ನೀರಿನ ಬಕೆಟ್ ಎತ್ತಿದರೂ ಚುಳ್ ಅನ್ನುತ್ತೆ. ಜೊತೆಗಾರ ನನಗಿಂತ ಎತ್ತರ, ತೂಕವೂ ಜಾಸ್ತಿ. ನನಗೆ ಬಲ ಸಾಲದಾ? ಈ ಪಟ್ಟು ಬಿಟ್ಟು ಓಸೋತೊ ಗಾರಿ (ಹೊರಗಿಂದ ಕಾಲು ಸೆಳೆದು ಹಿಂದಕ್ಕೆ ಬೀಳಿಸೋದು) ಕಲಿಯಲಾ?

ಹಳೇ_ಮ್ಯಾಟ್

ಒಂದು ವಿಷಯ ಹೇಳಿ. ನೋವು ಬರೋದು ಎಸೆತ ಪೂರ್ತಿ ಆದಾಗಲಾ, ಅಥವಾ ಅರ್ಧದಲ್ಲಿ ಸಿಕ್ಕಿಕೊಂಡಾಗಲಾ? ಮತ್ತೆ ಅಭ್ಯಾಸಕ್ಕೆ ಹಾಕೋದು ಜೂಡೋ ಜಾಕೆಟ್ಟಾ, ಕರಾಟೆ ಡ್ರೆಸ್ಸಾ?

ಹಳದಿಬೆಲ್ಟ್_ಹಾಸನ

ಸಿಕ್ಕಿಕೊಂಡಾಗಲೇ ಸರ್. ಮ್ಯಾಟ್ ಮೇಲೆ ಸಲೀಸಾಗಿ ಬೀಳಿಸಿದಾಗ ಏನೂ ಆಗಲ್ಲ. ನನ್ನದು ಜೂಡೋ ಜಾಕೆಟ್. ಜೊತೆಗಾರನದು ಕರಾಟೆ ಡ್ರೆಸ್.

ಹಳೇ_ಮ್ಯಾಟ್

ಹಾಗಾದರೆ ನಿಮ್ಮ ಎರಡು ತೊಂದರೆಗೂ ಮೂಲ ಒಂದೇ. ಉಕೆಯ ಸಮತೋಲ ಕೆಡುವ ಮುಂಚೆಯೇ ನೀವು ತಿರುಗುತ್ತಿದ್ದೀರಿ. ಅವನ ಭಾರ ಹಿಮ್ಮಡಿ ಮೇಲೇ ಇರುತ್ತೆ. ಆ ಭಾರವನ್ನು ಸೊಂಟದ ಬದಲು ನಿಮ್ಮ ಬಲಗೈ ಎತ್ತೋಕೆ ನೋಡುತ್ತೆ. ಅವನು ಕದಲೋದಿಲ್ಲ, ಇತ್ತ ಮೊಣಕೈ ತಿರುಚಿಕೊಳ್ಳುತ್ತೆ. ಬಲದ ಕೊರತೆ ಇದಲ್ಲ, ಜಿಮ್‌ಗೆ ಹೋದರೆ ಸರಿಹೋಗೋದೂ ಅಲ್ಲ. ಅವನು ಎತ್ತರ ಇರೋದು ನಿಮಗೆ ಅನುಕೂಲವೇ. ಅವನ ಬೆಲ್ಟ್‌ಗಿಂತ ಕೆಳಗೆ ಸೊಂಟ ಇಳಿಸೋಕೆ ನಿಮಗೆ ಜಾಗ ಸಿಗುತ್ತೆ.

ಜೂಡೋದಲ್ಲಿ ಎಸೆತಕ್ಕೆ ಮೂರು ಹಂತ: ಕುಜುಶಿ, ಅಂದರೆ ಸಮತೋಲ ಕೆಡಿಸೋದು. ತ್ಸುಕುರಿ, ಅಂದರೆ ಒಳಗೆ ಹೋಗಿ ಜಾಗ ಹಿಡಿಯೋದು. ಕಾಕೆ, ಅಂದರೆ ಎಸೆಯೋದು. ಉಚಿಕೋಮಿಯಲ್ಲಿ ಉಕೆ ನಿಮಗೋಸ್ಕರ ಸುಮ್ನೆ ನಿಂತಿರುತ್ತಾನೆ. ಮೊದಲ ಹಂತ ಹಾರಿಸಿದರೂ ಎರಡನೇದು ಚೆಂದ ಕಾಣುತ್ತೆ. ವೇಗಕ್ಕೆ ಹೊಗಳಿಕೆ ಸಿಗುತ್ತೆ, ಎಳೆತ ಇಲ್ಲದ್ದು ಯಾರ ಕಣ್ಣಿಗೂ ಬೀಳಲ್ಲ. ಎಷ್ಟೋ ಕ್ಲಬ್‌ಗಳಲ್ಲಿ ಎಣಿಕೆ ಮುಗಿಸೋದೇ ಅಭ್ಯಾಸ ಆಗಿಬಿಟ್ಟಿದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಈಗ ಪರೀಕ್ಷೆ. ಉಚಿಕೋಮಿ ಮಾಡುವಾಗ ಮೂರನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿ. ಅವರು ಉಕೆಯ ಹಿಮ್ಮಡಿ ಮಾತ್ರ ನೋಡಲಿ. ನೀವು ಎಳೆದಾಗ ಹಿಮ್ಮಡಿ ಮ್ಯಾಟ್ ಬಿಟ್ಟು ಏಳಬೇಕು, ಭಾರ ಕಾಲ್ಬೆರಳಿನ ಕಡೆ ಬರಬೇಕು. ಏಳದಿದ್ದರೆ ಅಲ್ಲೇ ನಿಲ್ಲಿ. ತಿರುಗಲೇಬೇಡಿ. ಮತ್ತೆ ಮೊದಲಿಂದ.

ಎಳೆಯೋದು ಎಡಗೈ ಕೆಲಸ. ಹಿಕಿತೆ ಅನ್ನೋದು ಅದನ್ನೇ, ತೋಳು ಹಿಡಿದ ಕೈ. ಸಾಮಾನ್ಯವಾಗಿ ಹೊಸಬರು ಅದನ್ನು ಕೆಳಗೆ, ತಮ್ಮ ಹೊಟ್ಟೆ ಕಡೆಗೆ ಎಳೆಯುತ್ತಾರೆ. ಹಾಗೆ ಎಳೆದರೆ ಉಕೆ ಇನ್ನೂ ಗಟ್ಟಿ ನಿಲ್ಲುತ್ತಾನೆ. ಅದು ಮೇಲಕ್ಕೆ, ಉಕೆಯ ಮುಂದಕ್ಕೆ ಹೋಗಬೇಕು. ಎಡಗೈ ಗಡಿಯಾರದಲ್ಲಿ ಟೈಮ್ ನೋಡುವ ಹಾಗೆ ಮಣಿಕಟ್ಟು ತಿರುಗಿ ಕಣ್ಣಿನ ಮಟ್ಟಕ್ಕೆ ಬರಲಿ. ತಿರುಗುವಾಗಲೂ ಆ ಎಳೆತ ಸಡಿಲ ಆಗಬಾರದು. ತಿರುಗೋಕೆ ಶುರು ಮಾಡಿದ ಕ್ಷಣದಲ್ಲೇ ಹೆಚ್ಚಿನವರ ಎಡಗೈ ಸತ್ತುಹೋಗುತ್ತೆ.

ಇಲ್ಲೇ ಕರಾಟೆ ಡ್ರೆಸ್ ವಿಷಯ ಬರುತ್ತೆ. ಅದರ ಬಟ್ಟೆ ತೆಳು. ನೀವು ಎಳೆದದ್ದೆಲ್ಲ ಬಟ್ಟೆಗೇ ಹೋಗುತ್ತೆ, ಮೈಗೆ ತಲುಪಲ್ಲ. ಹರಿದೂ ಹೋಗುತ್ತೆ. ಕ್ಲಬ್‌ನಲ್ಲಿ ಹಳೇ ಜೂಡೋ ಜಾಕೆಟ್ ಇದ್ದರೆ ಅವನಿಗೆ ಕೊಡಿಸಿ.

ಬಲಗೈ, ಅಂದರೆ ತ್ಸುರಿತೆ, ಕಾಲರ್ ಹಿಡಿದ ಕೈ. ನೋವಿನ ಜಾಗ ಇದೇ. ಮೊಣಕೈ ಮಡಚಿ ಅವನ ಬಲ ಕಂಕುಳ ಅಡಿಗೆ ಪೂರ್ತಿ ಸೇರಬೇಕು. ಮುಷ್ಟಿ ನಿಮ್ಮ ಬಲ ಭುಜದ ಹತ್ತಿರ ಇರಬೇಕು. ಮೊಣಕೈ ಹೊರಗೇ ಉಳಿದು, ಮುಂಗೈ ಅವನ ಎದೆಗೆ ಅಡ್ಡ ಬಿದ್ದರೆ ಅವನ ಇಡೀ ಭಾರ ಕೀಲಿನ ಒಳಬದಿಗೆ ಬೀಳುತ್ತೆ. ಕಾಲರ್ ಹಿಡಿತ ಕತ್ತಿನ ಹಿಂದೆ ತುಂಬಾ ಮೇಲೆ ಇದ್ದರೆ ಮೊಣಕೈ ಒಳಗೆ ಹೋಗೋದು ಕಷ್ಟ. ಎದೆಯ ಮಟ್ಟದಲ್ಲಿ ಹಿಡಿದು ನೋಡಿ.

ಕಾಲಿನ ಬಗ್ಗೆ ಜಾಸ್ತಿ ಹೇಳಲ್ಲ. ನಿಮ್ಮ ಎರಡೂ ಪಾದ ಅವನ ಪಾದಗಳ ನಡುವೆ ಬರಲಿ, ಅವನಿಗಿಂತ ಅಗಲ ಬೇಡ. ಮಂಡಿ ಬಗ್ಗಲಿ, ಬೆನ್ನು ನೆಟ್ಟಗಿರಲಿ. ನಿಮ್ಮ ಬೆನ್ನಿಗೂ ಅವನ ಎದೆಗೂ ನಡುವೆ ಗಾಳಿ ಆಡುವಷ್ಟು ಜಾಗ ಇದ್ದರೂ ಎಸೆತ ಸಿಕ್ಕಿಕೊಳ್ಳುತ್ತೆ.

ಸದ್ಯಕ್ಕೆ ಮೊರೋತೆ ಪೂರ್ತಿ ನಿಲ್ಲಿಸಿ. ಬಕೆಟ್ ಎತ್ತಿದರೆ ನೋವು ಅಂದರೆ ಅದು ಸುಮ್ಮನೆ ಬಿಡುವ ವಿಷಯ ಅಲ್ಲ. ಊತ ಇದ್ದರೆ, ಕಿರುಬೆರಳು ಜೋಮು ಹಿಡಿದರೆ ತಡ ಮಾಡದೆ ಮೂಳೆ ಡಾಕ್ಟರ್ ಹತ್ತಿರ ಹೋಗಿ. ಟೇಪ್ ಸುತ್ತಿಕೊಂಡು ರಾಂಡೋರಿಗೆ ಇಳಿಯಬೇಡಿ.

ಜೂಡೋಕಾ_ಧಾರವಾಡ

ಮೇಲೆ ಹೇಳಿದ್ದಕ್ಕೆ ನಂದೂ ಸ್ವಲ್ಪ ಸೇರಿಸ್ತೀನಿ. ನೋವಿರುವಾಗ ಕೆಲವರು ಇಪ್ಪೋನ್ ಸೆಯೊಯಿ ನಾಗೆಗೆ ಹೋಗ್ತಾರೆ. ಅದರಲ್ಲಿ ಬಲಗೈ ಕಾಲರ್ ಬಿಟ್ಟು ಉಕೆಯ ತೋಳಿನ ಅಡಿಗೆ ಹೋಗುತ್ತೆ, ಹಾಗಾಗಿ ಮೊಣಕೈಗೆ ಆ ತಿರುಚು ಇರಲ್ಲ. ಆದರೆ ಎಡಗೈ ಎಳೆತ ಇಲ್ಲದಿದ್ದರೆ ಅದೂ ಹೀಗೇ ಸಿಕ್ಕಿಕೊಳ್ಳುತ್ತೆ.

ರಾಂಡೋರಿಯಲ್ಲಿ ಉಕೆ ಹಿಂದಕ್ಕೆ ಭಾರ ಹಾಕ್ತಾನೆ ಅಂದ್ರಲ್ಲ, ಅದನ್ನೇ ಬಳಸಿಕೊಳ್ಳಿ. ಮೊದಲು ಓಉಚಿ ಗಾರಿ ಹಾಕಿ, ಅಂದರೆ ನಿಮ್ಮ ಕಾಲಿಂದ ಅವನ ಎಡಗಾಲನ್ನು ಒಳಗಿಂದ ಸೆಳೆಯಿರಿ. ಸುಮ್ನೆ ನಾಟಕ ಮಾಡಿದರೆ ಅವನು ನಂಬಲ್ಲ, ಬೀಳಿಸುವ ಮನಸ್ಸಿಂದಲೇ ಹಾಕಿ. ಹಿಂದಕ್ಕೇ ಒರಗಿದ್ದರೆ ಅಲ್ಲೇ ಬೀಳ್ತಾನೆ. ತಪ್ಪಿಸಿಕೊಂಡರೆ ಕಾಲು ಹಿಂದೆ ತೆಗೆದು, ಬೀಳಬಾರದು ಅಂತ ಮೈ ಮುಂದಕ್ಕೆ ತರ್ತಾನೆ. ಆಗ ಸೆಯೊಯಿ. ಇದು ಹೊಸ ವಿದ್ಯೆ ಏನಲ್ಲ. ಜೂಡೋದ ಮೂಲ ಸಂಸ್ಥೆ ಕೊಡೋಕಾನ್ 1920ರಲ್ಲಿ ಪರಿಷ್ಕರಿಸಿದ ಗೋಕ್ಯೋ ಅನ್ನೋ ಪಟ್ಟಿಯ 40 ಎಸೆತಗಳಲ್ಲಿ ಓಉಚಿ ಗಾರಿ, ಸೆಯೊಯಿ ನಾಗೆ ಎರಡೂ ಮೊದಲ ಗುಂಪಿನ ಎಂಟರಲ್ಲೇ ಇವೆ.

ಜಪಾನಿನ ಜೂಡೋ ಪಟು ತಾದಾಹಿರೋ ನೊಮುರಾ ಅವರ ಹಳೇ ವಿಡಿಯೊ ನೋಡಿ. 60 ಕೆಜಿಯಲ್ಲಿ 1996, 2000, 2004, ಸತತ ಮೂರು ಒಲಿಂಪಿಕ್ ಚಿನ್ನ. ಅವರ ಸೆಯೊಯಿ ನೋಡುವಾಗ ಎಲ್ಲರ ಕಣ್ಣು ಸೊಂಟದ ಮೇಲೇ ಇರುತ್ತೆ. ವೇಗ ಕಡಿಮೆ ಮಾಡಿ, ಬರೀ ಎಳೆಯೋ ಕೈ ನೋಡಿ.

ಅಭ್ಯಾಸಕ್ಕೆ ಮೂವರ ಉಚಿಕೋಮಿ ಒಳ್ಳೇದು. ಮೂರನೆಯವರು ಉಕೆಯ ಬೆಲ್ಟ್ ಹಿಂದಿನಿಂದ ಹಿಡಿದುಕೊಳ್ಳಲಿ. ಆಗ ಬೀಳಿಸುವ ಭಯ ಇಲ್ಲದೆ ಪೂರ್ತಿ ಬಲದಿಂದ ಎಳೀಬಹುದು. ಕೈ ವಾಸಿ ಆದ ಮೇಲೆ ಮಾಡಿ.

ಹಳದಿಬೆಲ್ಟ್_ಹಾಸನ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರ್ ಹತ್ತಿರ ಹೋಗಿದ್ದೆ. ಒಳಬದಿಯ ಲಿಗಮೆಂಟ್‌ಗೆ ಎಳೆತ ಬಿದ್ದಿದೆ, ಹರಿದಿಲ್ಲ ಅಂದರು. ವಿಶ್ರಾಂತಿ, ಫಿಸಿಯೋ ಹೇಳಿದ್ದಾರೆ. ಹಿಂದೆ ತೆಗೆದ ವಿಡಿಯೊ ಹುಡುಕಿ ನೋಡಿದೆ. ಉಕೆಯ ಹಿಮ್ಮಡಿ ಒಂದು ಸಲವೂ ಎದ್ದಿಲ್ಲ! ನನ್ನ ಎಡಗೈ ಹೊಟ್ಟೆ ಹತ್ತಿರವೇ ಇದೆ.

ಕೈ ವಾಸಿ ಆಗುವವರೆಗೆ ಏನು ಮಾಡಲಿ? ಇನ್ನೊಂದು, ನಡೆದಾಡುತ್ತಿರುವ ಉಕೆಯನ್ನು ಯಾವ ಗಳಿಗೆಯಲ್ಲಿ ಎಳೆಯಬೇಕು?

ಹಳೇ_ಮ್ಯಾಟ್

ಲಿಗಮೆಂಟ್ ಹರಿದಿಲ್ಲ ಅಂದಿದ್ದು ಕೇಳಿ ಸಮಾಧಾನ ಆಯಿತು. ಫಿಸಿಯೋ ಒಪ್ಪಿದರೆ ಎಡಗೈ ಒಂದರಲ್ಲೇ ಅಭ್ಯಾಸ ಮಾಡಿ. ಬಲಗೈ ಬೆಲ್ಟ್‌ಗೆ ಸಿಕ್ಕಿಸಿಕೊಳ್ಳಿ. ಉಕೆಯ ತೋಳು ಹಿಡಿದು, ಹಿಂದಕ್ಕೆ ಹೆಜ್ಜೆ ಹಾಕುತ್ತಾ ಅವನ ಹಿಮ್ಮಡಿ ಎಬ್ಬಿಸೋದಷ್ಟೇ ಕೆಲಸ. ತಿರುಗೋದು ಬೇಡ, ಎಸೆಯೋದೂ ಬೇಡ. ನೋಡೋಕೆ ಏನೂ ಅಲ್ಲ ಅನ್ನಿಸುತ್ತೆ, ಆದರೆ ನಿಮ್ಮ ಪಟ್ಟಿನಲ್ಲಿ ಕೊರತೆ ಇರೋದು ಇಷ್ಟೇ.

ಗಳಿಗೆ ಅಂದರೆ, ಅವನು ಬಲಗಾಲು ಮುಂದಿಡುವಾಗ. ಪಾದ ಮ್ಯಾಟ್ ಮುಟ್ಟುತ್ತಾ ಇರಬೇಕು, ಭಾರ ಇನ್ನೂ ಪೂರ್ತಿ ಕೂತಿರಬಾರದು. ಊರಿದ ಮೇಲೆ ಎಳೆದರೆ ತಡ ಆಯಿತು. ಅದಕ್ಕೇ ಹಿಂದಕ್ಕೆ ಹೆಜ್ಜೆ ಹಾಕಿ ಅಂದದ್ದು. ನೀವು ಹಿಂದೆ ಸರಿದಾಗ ಅವನು ತಾನಾಗೇ ಮುಂದೆ ಬರುತ್ತಾನೆ. ಅವನ ಕಾಲು ನೋಡೋಕೆ ತಲೆ ಬಗ್ಗಿಸಬೇಡಿ, ಬೆನ್ನೂ ಜೊತೆಗೆ ಬಗ್ಗುತ್ತೆ. ಹಿಡಿದ ತೋಳಿನಲ್ಲೇ ಹೆಜ್ಜೆ ಗೊತ್ತಾಗುತ್ತೆ. ಅವನ ಬಲಗಾಲು ಏಳುವಾಗ ತೋಳು ಸ್ವಲ್ಪ ಹಗುರ ಆಗುತ್ತೆ, ಆಗಲೇ ಎಡಗೈ ಮೇಲಕ್ಕೆ ಹೊರಟಿರಲಿ.