ಸಹಾಯ ಬೇಕು: ಮಾಜಿ ಸೈನಿಕರ ಪತ್ನಿಯ ಹೆಸರು ಎಲ್ಲಿ ತಿದ್ದಿಸಬೇಕು?

ನಮಸ್ಕಾರ. ನಾನು ನಿವೃತ್ತ ಹೆಡ್ ಕಾನ್‌ಸ್ಟೆಬಲ್. ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನಕ್ಕೂ ಡಿಸೆಂಬರ್ 16ರ ವಿಜಯ ದಿವಸಕ್ಕೂ ಸ್ಮಾರಕ ತೊಳೆದು ಹೂವಿಡುತ್ತೇನೆ. ಉಳಿದಂತೆ ಮಾಜಿ ಸೈನಿಕರ ಮನೆಗಳಿಗೆ ಹೋಗಿ ಕಾಗದಪತ್ರ ಸರಿಮಾಡಿಕೊಡುತ್ತೇನೆ.

1971ರ ಯುದ್ಧದಲ್ಲಿದ್ದ ನಮ್ಮೂರಿನ ಹವಾಲ್ದಾರರು ತೀರಿಕೊಂಡರು. ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಪುಸ್ತಕದಲ್ಲಿ ಅವರ ಪತ್ನಿಗೆ ತವರಿನ ಹೆಸರಿದೆ, ಆಧಾರ್‌ನಲ್ಲಿ ಮದುವೆಯಲ್ಲಿ ಇಟ್ಟ ಹೆಸರು. ಹಾಗಾಗಿ ಕುಟುಂಬ ಪಿಂಚಣಿ ಆರಂಭವಾಗಿಲ್ಲ. ನೋಟರಿಯಿಂದ ಪ್ರಮಾಣಪತ್ರ ಮಾಡಿಸಿ ಕೊಟ್ಟರೂ ಅರ್ಜಿ ಎರಡು ಸಲ ವಾಪಸು ಬಂತು. ಒಬ್ಬರು ಆಧಾರ್ ತಿದ್ದಿಸಿ ಎನ್ನುತ್ತಾರೆ, ಇನ್ನೊಬ್ಬರು ಸೇನೆಯ ದಾಖಲೆ ತಿದ್ದಿಸಿ ಎನ್ನುತ್ತಾರೆ. ಆ ತಾಯಿಗೆ ಮೆಟ್ಟಿಲು ಹತ್ತಲೂ ಆಗುವುದಿಲ್ಲ, ಮತ್ತೆ ಮತ್ತೆ ಕರೆದೊಯ್ಯಲು ನನಗೆ ಮನಸ್ಸು ಬರುತ್ತಿಲ್ಲ.

ಇಂಥದ್ದನ್ನು ಮಾಡಿಸಿದವರು ದಯವಿಟ್ಟು ತಿಳಿಸಿ: ಮೊದಲು ತಿದ್ದಿಸಬೇಕಾದದ್ದು ಯಾವುದು? ರೆಜಿಮೆಂಟಿನ ದಾಖಲೆ ಕಚೇರಿಗೆ ಯಾವ ಯಾವ ಕಾಗದ ಕಳುಹಿಸಬೇಕು?