ನಾರ್ಕಾನ್ (ಅಫೀಮು ಜಾತಿಯ ಡ್ರಗ್ಸ್ ಮಿತಿಮೀರಿದಾಗ ಮೂಗಿಗೆ ಹೊಡೆಯುವ ಸ್ಪ್ರೇ) ಕೊಟ್ಟರೂ ಎಚ್ಚರವಾಗದಿದ್ದರೆ? ಗೊತ್ತಿರುವವರು ಹೇಳಿ

ಪ್ರಶ್ನೆ: ತಮ್ಮ ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದಾನೆ, ಫೆಂಟನಿಲ್ (ಅಫೀಮು ಜಾತಿಯ ಕೃತಕ ಡ್ರಗ್) ಚಟ. ಅದರಲ್ಲಿ ದನ, ಕುದುರೆಗೆ ಮಂಪರು ಬರಿಸುವ ಔಷಧಿ ಬೆರೆಸ್ತಾರಂತೆ. ಗುರುತು ಹೇಗೆ, ಮನೆಯಲ್ಲಿ ಏನಿಟ್ಟಿರಬೇಕು?

ತುರ್ತು ವಿಭಾಗದ ನರ್ಸ್: ನೋಡಬೇಕಾದ್ದು ಉಸಿರು, ಎಚ್ಚರ ಅಲ್ಲ. 911ಕ್ಕೆ ಫೋನ್ ಮಾಡಿ, ಒಂದು ಹೊಳ್ಳೆಗೆ 4 ಮಿ.ಗ್ರಾಂ. ನಾರ್ಕಾನ್. ಗದ್ದ ಎತ್ತಿ, ಮೂಗು ಮುಚ್ಚಿ, 5 ಸೆಕೆಂಡಿಗೊಂದು ಉಸಿರು ಊದಿ. ಎದೆ ಏಳುವುದು ಕಾಣಬೇಕು. 2–3 ನಿಮಿಷಕ್ಕೂ ಉಸಿರು ಸರಿಹೋಗದಿದ್ದರೆ ಮಾತ್ರ ಎರಡನೇ ಡೋಸ್. ನೀವು ಕೇಳಿದ ಪಶು ಔಷಧಿಗಳಾದ ಝೈಲಜಿನ್, ಮೆಡೆಟೊಮಿಡಿನ್‌ಗೆ ನಾರ್ಕಾನ್ ನಾಟಲ್ಲ. ಉಸಿರು ಬಂದಮೇಲೂ ಗಂಟೆಗಟ್ಟಲೆ ಮಂಪರು, ನಿಧಾನ ನಾಡಿ ಇದ್ದರೆ ಅದೇ ಗುರುತು. ಮಗ್ಗುಲಿಗೆ ಮಲಗಿಸಿ, ಬಿಟ್ಟು ಹೋಗಬೇಡಿ. ಏಳಲಿಲ್ಲ ಅಂತ ನಾಲ್ಕೈದು ಸ್ಪ್ರೇ ಹೊಡೆಯೋರಿಂದ ವಾಂತಿ, ಒದ್ದಾಟ ಅಷ್ಟೇ ಬರೋದು.

ಡ್ರೆಸಿಂಗ್ ಮಾಡುವವರು: ಗಾಯದ ಮಾತೇ ಎತ್ತಲಿಲ್ವಲ್ಲ! ಝೈಲಜಿನ್ ಹುಣ್ಣು ಸೂಜಿ ಚುಚ್ಚದ ಜಾಗದಲ್ಲೂ ಏಳುತ್ತೆ, ಮುಂಗೈ, ಕಣಕಾಲಲ್ಲಿ. ಸೋಪು ನೀರಲ್ಲಿ ತೊಳೆಯಿರಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡವೇ ಬೇಡ, ಹೊಸ ಚರ್ಮವನ್ನೂ ಸುಡುತ್ತೆ. ವ್ಯಾಸಲೀನ್ ಗಾಜ್, ಮೇಲೆ ದಪ್ಪ ಪ್ಯಾಡ್, ಆಮೇಲೆ ರೋಲ್ ಬ್ಯಾಂಡೇಜು. ಕಪ್ಪು ಹಕ್ಕಳೆ ಕೀಳಬೇಡಿ. ಖರ್ಚು ಪ್ಯಾಡಿಗೇ: ಕೀವು ಸೋರಿದರೆ ದಿನಾ ಬದಲಿಸಬೇಕು. ಜ್ವರ, ಹಬ್ಬುವ ಕೆಂಪು, ಮೂಳೆ ಕಂಡರೆ ಆಸ್ಪತ್ರೆ.

ನರ್ಸ್: ಗಾಯ ಇಲ್ಲ ಅಂದ್ರೆ ಬೆರಕೆ ಇಲ್ಲ ಅಂತ ಜನ ತಿಳ್ಕೋತಾರೆ ಸ್ವಾಮಿ. 2024ರಿಂದ ಫಿಲಡೆಲ್ಫಿಯಾದಲ್ಲಿ ಮೆಡೆಟೊಮಿಡಿನ್ ಜೋರು, ಹುಣ್ಣಿಲ್ಲದೆಯೂ ಅದು ಬೆರೆತಿರಬಹುದು.

ಸ್ಟ್ರಿಪ್ ಹಂಚುವವರು: ಬೆರಕೆ ಪತ್ತೆಹಚ್ಚುವ ಝೈಲಜಿನ್ ಸ್ಟ್ರಿಪ್ಪಿಗೆ (ಪರೀಕ್ಷಾ ಪಟ್ಟಿ) ಮೆಡೆಟೊಮಿಡಿನ್ ಸಿಗಲ್ಲ, ಬೇರೆ ಸ್ಟ್ರಿಪ್ ಬೇಕು. ಒಂದು ಗೆರೆ ಅಂದ್ರೆ ಇದೆ, ಎರಡು ಗೆರೆ ಅಂದ್ರೆ ಇಲ್ಲ; ಎಷ್ಟೋ ಜನ ತಿರುಗಾಮುರುಗಾ ಓದ್ತಾರೆ. ಮರಗಟ್ಟಿಸುವ ಔಷಧಿ ಲಿಡೊಕೇನ್ ಇದ್ದರೂ ಝೈಲಜಿನ್ ಸ್ಟ್ರಿಪ್ ಒಂದೇ ಗೆರೆ ತೋರಿಸಬಹುದು. ಪುಡಿ ಎಲ್ಲ ಕಡೆ ಒಂದೇ ಸಮ ಬೆರೆತಿರಲ್ಲ, ಮೂಲೆಯ ಚಿಟಿಕೆ ನೋಡಿ ನಂಬಬೇಡಿ.

ಪಶುವೈದ್ಯ: ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 2023ರಲ್ಲಿ ಝೈಲಜಿನ್ ನಿರ್ಬಂಧಿಸಿದರು. ಬಾಟಲಿ ಲೆಕ್ಕ ಬರೆಯೋ ಕೆಲಸ ನಮಗೆ, ಬೀದಿಗೆ ಬಂದದ್ದು ಇನ್ನೂ ಗಟ್ಟಿ ಔಷಧಿ, ಮೆಡೆಟೊಮಿಡಿನ್. ನಾಯಿಯನ್ನು ಎಬ್ಬಿಸೋಕೆ ಅಟಿಪಮೆಜೋಲ್ ಇದೆ...

ನರ್ಸ್: ದಯವಿಟ್ಟು ಆ ಹೆಸರು ಇಲ್ಲಿ ಬೇಡ! ಮನುಷ್ಯರಿಗೆ ಅದಕ್ಕೆ ಅನುಮತಿ ಇಲ್ಲ. ಯಾರೋ ತರಿಸಿ ಚುಚ್ಚಿಬಿಟ್ಟಾರು.

ಪಶುವೈದ್ಯ: ಕೊಡಿ ಅಂದೆನಾ? ಪೂರ್ತಿ ಓದಿ.

ಡಿಟಾಕ್ಸ್ (ಚಟ ಬಿಡಿಸುವ) ವಾರ್ಡಿನವರು: ಜಗಳ ಆಮೇಲಾಡಿ. ಮೆಡೆಟೊಮಿಡಿನ್ ನಿಂತ ಕೆಲವೇ ಗಂಟೆಗೆ ನಿಲ್ಲದ ವಾಂತಿ, ನಡುಕ, ಓಡುವ ನಾಡಿ, ಏರುವ ಬಿಪಿ ಬರುತ್ತೆ. ಅಫೀಮು ಜಾತಿಯ ಚಟಕ್ಕೆ ಕೊಡುವ ಬರೀ ಮೆಥಡೋನ್‌ಗೆ ಬಗ್ಗಲ್ಲ. ಬಿಪಿ ಇಳಿಸುವ ಕ್ಲೋನಿಡಿನ್, ಕೆಲವರಿಗೆ ಐಸಿಯುನಲ್ಲಿ ಮೆಡೆಟೊಮಿಡಿನ್ ಜಾತಿಯದೇ ಆದ, ಮನುಷ್ಯರಿಗೆ ಕೊಡುವ ಡೆಕ್ಸ್‌ಮೆಡೆಟೊಮಿಡಿನ್ ಡ್ರಿಪ್ ಬೇಕು. ಮನೇಲಿ ಕೂಡಿಹಾಕಿ ಬಿಡಿಸೋಕೆ ಹೋಗಬೇಡಿ. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಇದು ಕಾಣಲ್ಲ, ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ.