‘ಪೋರ್ಟ್’ ಅಂದರೆ ಬಂದರೋ ಕಿಂಡಿಯೋ? ಡಾಕಿಂಗ್ ಸ್ಟೇಷನ್ ಸುತ್ತಲಿನ ಕೆಲವು ಪದಗಳು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಕಚೇರಿ ಸಿಬ್ಬಂದಿಗೆಂದು ಸಿದ್ಧವಾಗುತ್ತಿರುವ ಕೈಪಿಡಿಯಲ್ಲಿ ಲ್ಯಾಪ್‌ಟಾಪಿಗೆ ಡಾಕಿಂಗ್ ಸ್ಟೇಷನ್ (ಮಾನಿಟರ್, ಮೌಸ್, ಚಾರ್ಜಿಂಗ್ ಎಲ್ಲವನ್ನೂ ಒಂದೇ ಕೇಬಲಿನಲ್ಲಿ ಜೋಡಿಸುವ ಪೆಟ್ಟಿಗೆ) ಆರಿಸುವ ಬಗ್ಗೆ ಎರಡು ಪುಟಗಳಿವೆ. ಯಂತ್ರಾನುವಾದದ ಕರಡು ಹೀಗಿದೆ: “ನಿಮ್ಮ ಹಡಗುಕಟ್ಟೆ ನಿಲ್ದಾಣವು ಆತಿಥೇಯ ಬಂದರಿನ ಮೂಲಕ ವಿದ್ಯುತ್ ವಿತರಣೆ ಹಾಗೂ ಪರ್ಯಾಯ ವಿಧಾನವನ್ನು ಬೆಂಬಲಿಸಬೇಕು. ಸಿಡಿಲು ಬಂದರು ಇದ್ದಲ್ಲಿ ಉತ್ತಮ.” ಇದನ್ನು ಓದಿದವರು ಅಂಗಡಿಗೆ ಹೋಗಬೇಕೋ ಪಣಂಬೂರಿಗೆ ಬಸ್ಸು ಹತ್ತಬೇಕೋ ತಿಳಿಯದು.

ಪೋರ್ಟ್, ಡಾಕ್, ಹಬ್, ಪವರ್ ಡೆಲಿವರಿ, ಆಲ್ಟರ್ನೇಟ್ ಮೋಡ್, ಅಪ್‌ಸ್ಟ್ರೀಮ್: ಇವಕ್ಕೆ ಏನು ಬರೆಯಬಹುದು? ಪದ ಕನ್ನಡದ್ದೇ ಆಗಬೇಕೆಂಬ ಹಟವಿಲ್ಲ. ಓದಿದವರು ತಪ್ಪು ವಸ್ತು ಕೊಂಡು ತರಬಾರದು, ಅಷ್ಟೇ.

ಉತ್ತರ

ಮೇಡಂ, ಮೊದಲು ಬಂದರನ್ನು ಬಿಟ್ಟುಬಿಡಿ. ಇಂಗ್ಲಿಷಿನಲ್ಲಿ ಒಂದೇ ಕಾಗುಣಿತದಲ್ಲಿ ಎರಡು ಪದಗಳು ಅಡಗಿವೆ. ಹಡಗು ತಂಗುವ ‘ಪೋರ್ಟ್’ ಬಂದದ್ದು ಲ್ಯಾಟಿನ್ನಿನ ‘ಪೋರ್ಟುಸ್’ನಿಂದ. ಯಂತ್ರದ ಮೈಯಲ್ಲಿರುವ ‘ಪೋರ್ಟ್’ ಬಂದದ್ದು ‘ಪೋರ್ಟಾ’ದಿಂದ, ಅಂದರೆ ಬಾಗಿಲು. ತಮಾಷೆಯೆಂದರೆ ಹಡಗಿನ ದುಂಡು ಕಿಟಕಿಗಿರುವ ‘ಪೋರ್ಟ್‌ಹೋಲ್’ ಎಂಬ ಹೆಸರೂ ಈ ಬಾಗಿಲಿನ ಕುಲದ್ದೇ, ಬಂದರಿನದಲ್ಲ.

ಹಾಗಾಗಿ ‘ಕಿಂಡಿ’ ಸರಿಹೊಂದುತ್ತದೆ. ಉಡುಪಿಯ ಕನಕನ ಕಿಂಡಿಯಲ್ಲಿ ನೋಟ ಹಾಯುತ್ತದೆ, ಕಿಂಡಿ ಅಣೆಕಟ್ಟಿನಲ್ಲಿ ನೀರು ಹಾಯುತ್ತದೆ. ಇಲ್ಲಿ ಕರೆಂಟು, ಚಿತ್ರ, ಮಾಹಿತಿ. ‘ದ್ವಾರ’ ಬಹಳ ದೊಡ್ಡದಾಯಿತು, ‘ರಂಧ್ರ’ ವೈದ್ಯರ ಮಾತಿನಂತಿದೆ. ಒಂದು ಎಚ್ಚರಿಕೆ: ಜಾಲದ ‘ಪೋರ್ಟ್ 443’ ಎಂಬಲ್ಲಿ ತೂತೇ ಇಲ್ಲ, ಅದೊಂದು ಸಂಖ್ಯೆ. ಅಲ್ಲಿ ಪೋರ್ಟ್ ಪೋರ್ಟಾಗಿಯೇ ಇರಲಿ.

ಆದರೆ ಕೈಪಿಡಿಯ ನಿಜವಾದ ತೊಡಕು ಅನುವಾದದ್ದಲ್ಲ. ಒಂದೇ ಹೆಸರಿನಲ್ಲಿ ಎರಡು ಸಂಗತಿಗಳನ್ನು ತುರುಕಿದ್ದಾರೆ: ಕಿಂಡಿಯ ಆಕಾರ ಒಂದು, ಅದರಲ್ಲಿ ಏನು ಹಾಯುತ್ತದೆ ಎಂಬುದು ಇನ್ನೊಂದು. ಮೊಬೈಲ್ ಅಂಗಡಿಯಲ್ಲಿ “ಯಾವ ಪಿನ್ನು? ಸಿ ಟೈಪಾ?” ಎಂದು ಕೇಳುತ್ತಾರಲ್ಲ, ಆ ಪ್ರಶ್ನೆ ಆಕಾರದ ಬಗ್ಗೆ ಮಾತ್ರ. 2014ರಲ್ಲಿ ಬಂದ ಯುಎಸ್‌ಬಿ-ಸಿ ಅಂದರೆ 24 ಸಂಪರ್ಕಬಿಂದುಗಳ, ಯಾವ ಮಗ್ಗುಲಲ್ಲಿ ಹಾಕಿದರೂ ಕೂರುವ, ಅಂಡಾಕಾರದ ಕಿಂಡಿ. ಅದರೊಳಗೆ ಹಾಯುವ ವೇಗ ಸೆಕೆಂಡಿಗೆ 480 ಮೆಗಾಬಿಟ್ ಇರಬಹುದು, 40 ಗಿಗಾಬಿಟ್ಟೂ ಇರಬಹುದು. ಚಿತ್ರ ಬರಬಹುದು, ಬಾರದೆಯೂ ಇರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದ್ದರಿಂದ ಕೈಪಿಡಿಯಲ್ಲಿ ಆಕಾರಕ್ಕೆ ‘ಸಿ ಕಿಂಡಿ’ ಎಂದೂ, ಸಾಮರ್ಥ್ಯಕ್ಕೆ ಬೇರೆ ವಾಕ್ಯವನ್ನೂ ಬರೆಯಿರಿ. “ಸಿ ಕಿಂಡಿ ಇದ್ದರೆ ಸಾಕು” ಎಂಬ ಸಾಲು ಕರಡಿನಲ್ಲಿ ಎಲ್ಲಿದ್ದರೂ ಅಳಿಸಿ.

ಸಾಮರ್ಥ್ಯ ತಿಳಿಯಲು ಕಿಂಡಿಯ ಪಕ್ಕದ ಗುರುತು ನೋಡಬೇಕು. ಕೆಳಗೆ ಬಾಣದ ಮೊನೆಯಿರುವ ಸಿಡಿಲಿನ ಗೆರೆ ಇದ್ದರೆ ಥಂಡರ್‌ಬೋಲ್ಟ್, ಅಂದರೆ ಚಿತ್ರ, ಮಾಹಿತಿ, ಕರೆಂಟು ಮೂರನ್ನೂ ವೇಗವಾಗಿ ಸಾಗಿಸುವ ಬಗೆ. ‘ಪಿ’ ಅಕ್ಷರದೊಳಗೆ ‘ಡಿ’ ಇದ್ದಂಥ ಗುರುತಿದ್ದರೆ ಡಿಸ್‌ಪ್ಲೇಪೋರ್ಟ್ ಎಂಬ ಪದ್ಧತಿಯಲ್ಲಿ ಮಾನಿಟರಿಗೆ ಚಿತ್ರ ಬರುತ್ತದೆ. ಬರೀ ತ್ರಿಶೂಲವಿದ್ದರೆ ಮಾಹಿತಿಯ ಭರವಸೆ ಮಾತ್ರ. ಇಲ್ಲೊಂದು ಮೋಸವಿದೆ: ಹಳೆಯ ಅಗಲ ಕಿಂಡಿಯ (ಯುಎಸ್‌ಬಿ-ಎ) ಪಕ್ಕ ಬಾಣವಿಲ್ಲದ ಮಿಂಚಿನ ಗೆರೆಯಿದ್ದರೆ ಅದು ಥಂಡರ್‌ಬೋಲ್ಟ್ ಅಲ್ಲ; ಲ್ಯಾಪ್‌ಟಾಪ್ ಆಫ್ ಮಾಡಿದ್ದರೂ ಫೋನ್ ಚಾರ್ಜ್ ಆಗುತ್ತದೆ ಎಂಬ ಸೂಚನೆ ಅಷ್ಟೇ. ಗುರುತೇ ಇಲ್ಲದ ಲ್ಯಾಪ್‌ಟಾಪುಗಳೂ ಉಂಟು. ಆಗ ತಯಾರಕರ ತಾಣದಲ್ಲಿ ಮಾದರಿ ಸಂಖ್ಯೆ ಹಾಕಿ ನೋಡುವುದೊಂದೇ ದಾರಿ.

ಅಂದ ಹಾಗೆ ‘ಸಿಡಿಲು ಬಂದರು’ ಬೇಡವೇ ಬೇಡ. ಥಂಡರ್‌ಬೋಲ್ಟ್ ಅಂಕಿತನಾಮ. ಅದನ್ನು ಸಿಡಿಲು ಮಾಡಿದರೆ ಐಫೋನಿನ ಹಳೆಯ ‘ಲೈಟ್ನಿಂಗ್’ ಕಿಂಡಿಯನ್ನು ಮಿಂಚು ಮಾಡಬೇಕಾಗುತ್ತದೆ. ಅವೆರಡೂ ಪೂರಾ ಬೇರೆ ವಸ್ತುಗಳು. ಓದುಗರು ಮಳೆಗಾಲದಲ್ಲಿ ಸಿಕ್ಕಿಕೊಳ್ಳುತ್ತಾರೆ.

‘ಪವರ್ ಡೆಲಿವರಿ’ಗೆ ‘ವಿದ್ಯುತ್ ವಿತರಣೆ’ ಎಂದರೆ ಬೆಸ್ಕಾಂ ನೆನಪಾಗುತ್ತದೆ. ಇದು ಹಂಚಿಕೆಯಲ್ಲ, ಚೌಕಾಸಿ. ಚಾರ್ಜರ್ ತನ್ನಲ್ಲಿ 5, 9, 15, 20 ವೋಲ್ಟ್ ಇವೆ ಎನ್ನುತ್ತದೆ, ಲ್ಯಾಪ್‌ಟಾಪ್ ತನಗೆ ಬೇಕಾದ್ದನ್ನು ಕೇಳಿ ಪಡೆಯುತ್ತದೆ. ‘ಪಿಡಿ ಚಾರ್ಜಿಂಗ್’ ಎಂದೇ ಬರೆದು ಒಮ್ಮೆ ವಿವರಿಸಿದರೆ ಸಾಕು. ಅದಕ್ಕಿಂತ ಲೆಕ್ಕ ಮುಖ್ಯ. ಲ್ಯಾಪ್‌ಟಾಪಿನ ಜೊತೆ ಬಂದ ಚಾರ್ಜರ್ ಬೆನ್ನು ನೋಡಿ: 20 ವೋಲ್ಟ್, 3.25 ಆಂಪಿಯರ್ ಎಂದಿದ್ದರೆ ಗುಣಿಸಿ, 65 ವ್ಯಾಟ್. ಡಾಕ್ ಲ್ಯಾಪ್‌ಟಾಪಿಗೆ ಕೊಡುವ ವ್ಯಾಟ್ ಇದಕ್ಕಿಂತ ಕಡಿಮೆ ಇರಬಾರದು. ಕಡಿಮೆಯಿದ್ದರೆ ಸಿಕ್ಕಿಸಿಟ್ಟಿದ್ದರೂ ಕೆಲಸ ಜಾಸ್ತಿಯಾದಾಗ ಬ್ಯಾಟರಿ ಇಳಿಯುತ್ತಲೇ ಹೋಗುತ್ತದೆ. ಡಾಕಿನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ ಅಂಕಿ ಒಮ್ಮೊಮ್ಮೆ ಅದರ ಸ್ವಂತ ಅಡಾಪ್ಟರಿನದು; ಲ್ಯಾಪ್‌ಟಾಪಿಗೆ ತಲುಪುವುದು ಅದಕ್ಕಿಂತ ಕಡಿಮೆ, ಅದನ್ನು ಸಣ್ಣ ಅಕ್ಷರದಲ್ಲಿ ಹುಡುಕಬೇಕು. 60 ವ್ಯಾಟ್ ದಾಟಿದರೆ ಕೇಬಲ್ಲೂ 5 ಆಂಪಿಯರಿನದಾಗಿರಬೇಕು, ಅದರ ತಲೆಯೊಳಗೆ ಗುರುತಿನ ಚಿಪ್ ಇರಬೇಕು. ದುಂಡು ಪಿನ್ನಿನಲ್ಲಿ ಮಾತ್ರ ಚಾರ್ಜ್ ಆಗುವ ಲ್ಯಾಪ್‌ಟಾಪಾದರೆ ಪಕ್ಕದಲ್ಲಿ ಸಿ ಕಿಂಡಿ ಇದ್ದರೂ ಡಾಕ್ ಅದಕ್ಕೆ ಕರೆಂಟು ಕೊಡಲಾರದು; ಹಳೆಯ ಚಾರ್ಜರ್ ಜೊತೆಗಿರಲೇಬೇಕು.

‘ಆಲ್ಟರ್ನೇಟ್ ಮೋಡ್’ ಪದಕ್ಕೆ ಪದ ಹುಡುಕಬೇಡಿ. ‘ಪರ್ಯಾಯ ವಿಧಾನ’ ಎಂದಾಗ ಯಾವುದಕ್ಕೆ ಪರ್ಯಾಯ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಸಿ ಕೇಬಲಿನಲ್ಲಿ ವೇಗದ ಓಡಾಟಕ್ಕೆ ನಾಲ್ಕು ಓಣಿಗಳಿವೆ. ಮಾಮೂಲಿಯಾಗಿ ಅವು ಯುಎಸ್‌ಬಿಯವು. ಮಾನಿಟರ್ ಬಂದಾಗ ಡಿಸ್‌ಪ್ಲೇಪೋರ್ಟಿಗೆ ಬಾಡಿಗೆಗೆ ಹೋಗುತ್ತವೆ. ನಾಲ್ಕನ್ನೂ ಚಿತ್ರಕ್ಕೆ ಕೊಟ್ಟರೆ ಯುಎಸ್‌ಬಿ 480 ಮೆಗಾಬಿಟ್ಟಿಗೆ ಇಳಿಯುತ್ತದೆ. ಎರಡು ಅಲ್ಲಿ, ಎರಡು ಇಲ್ಲಿ ಎಂದು ಹಂಚಿದರೆ ಚಿತ್ರಕ್ಕೆ ಅರ್ಧ ದಾರಿ. “4ಕೆ ಮಾನಿಟರ್ ಹಾಕಿದೆ, ಮೌಸ್ ಬಾಣ ಎಳೆದೆಳೆದು ಬರುತ್ತದೆ” ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ. 4ಕೆ ಚಿತ್ರ ಸೆಕೆಂಡಿಗೆ 60 ಸಲ ಬದಲಾಗಲು ಸುಮಾರು 12.5 ಗಿಗಾಬಿಟ್ ಬೇಕು. ಡಿಸ್‌ಪ್ಲೇಪೋರ್ಟ್ 1.2ರ ಎರಡು ಓಣಿಗಳು ಕೊಡುವುದು 8.64 ಮಾತ್ರ, ಹಾಗಾಗಿ 30ಕ್ಕೆ ಇಳಿಯುತ್ತದೆ. 1.4ರ ವೇಗದಲ್ಲಿ ಎರಡು ಓಣಿ 12.96 ಕೊಡುತ್ತವೆ; ಕೂದಲೆಳೆಯಲ್ಲಿ ಪಾರು. ಲ್ಯಾಪ್‌ಟಾಪ್, ಡಾಕ್ ಎರಡೂ 1.4 ಇರಬೇಕು. ಡಾಕಿನ ಎಚ್‌ಡಿಎಂಐ ಕಿಂಡಿ 1.4 ಆಗಿದ್ದರೆ ಇಷ್ಟೆಲ್ಲ ಇದ್ದೂ 30ರಲ್ಲೇ ನಿಲ್ಲುತ್ತದೆ, ಅದು 2.0 ಆಗಬೇಕು. ಎಚ್‌ಡಿಎಂಐಯ 1.4 ಬೇರೆ, ಡಿಸ್‌ಪ್ಲೇಪೋರ್ಟಿನ 1.4 ಬೇರೆ, ಅಂಕಿ ಒಂದೇ ಎಂದು ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ನನ್ನ ಸಲಹೆ: “ಸಿ ಕಿಂಡಿಯಿಂದಲೇ ಮಾನಿಟರಿಗೆ ಚಿತ್ರ ಕಳಿಸಬಲ್ಲ ಲ್ಯಾಪ್‌ಟಾಪ್” ಎಂದು ಬಿಡಿಸಿ ಬರೆಯುವುದು. ಉದ್ದವಾದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಹಬ್‌ಗೂ ಡಾಕ್‌ಗೂ ವ್ಯತ್ಯಾಸ ಹೇಳುವ ಕಾನೂನು ಯಾವುದೂ ಇಲ್ಲ, ಮಾರುವವರು ಇಷ್ಟಬಂದ ಹೆಸರಿಡುತ್ತಾರೆ. ಉಪಯೋಗಕ್ಕೆ ಬರುವ ಅಳತೆಗೋಲು ಒಂದೇ: ಊಟ ಯಾರದು? ಹಬ್ ಲ್ಯಾಪ್‌ಟಾಪಿನ ಕರೆಂಟು ತಿನ್ನುತ್ತದೆ. ಡಾಕ್‌ಗೆ ಗೋಡೆಯ ಪ್ಲಗ್ಗಿಗೆ ಹೋಗುವ ಸ್ವಂತ ಅಡಾಪ್ಟರ್ ಇದ್ದು, ಅದೇ ಲ್ಯಾಪ್‌ಟಾಪಿಗೆ ಉಣಿಸುತ್ತದೆ. ಹಬ್ಬಿಗೆ ನಮ್ಮ ಚಾರ್ಜರನ್ನೇ ಸಿಕ್ಕಿಸುವ ‘ಪಾಸ್-ಥ್ರೂ’ ಬಗೆಯೂ ಇದೆ. ಹಲವು ಹಬ್‌ಗಳು ಅದರಲ್ಲಿ 10ರಿಂದ 15 ವ್ಯಾಟ್ ತಮಗಿಟ್ಟುಕೊಂಡು ಉಳಿದದ್ದನ್ನು ಮುಂದೆ ಬಿಡುತ್ತವೆ. 65ರ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪಿಗೆ 50 ಮುಟ್ಟಿತು ಅನ್ನಿ. ಸ್ವಂತ ಊಟವಿಲ್ಲದ ಹಬ್ಬಿಗೆ ಎರಡು ಪೋರ್ಟಬಲ್ ಹಾರ್ಡ್ ಡಿಸ್ಕ್ ಹಾಕಿದಾಗ ಫೈಲ್ ಹೋಗುವ ನಡುವೆಯೇ ಒಂದು ಮಾಯವಾಗುವುದಕ್ಕೆ ಕಾರಣ ಹೆಚ್ಚಾಗಿ ಡಿಸ್ಕ್ ಅಲ್ಲ, ಹಸಿವು: ಯುಎಸ್‌ಬಿ 3ರ ಅಗಲ ಕಿಂಡಿಯೊಂದು ಕೊಡಬೇಕಾದ್ದು 5 ವೋಲ್ಟಿನಲ್ಲಿ 900 ಮಿಲಿಆಂಪಿಯರ್, ಅಂದರೆ ನಾಲ್ಕೂವರೆ ವ್ಯಾಟ್. ಅದನ್ನೇ ಎರಡು ಡಿಸ್ಕ್ ಹಂಚಿಕೊಳ್ಳಬೇಕು.

ಇನ್ನೊಂದು ಅಭಿಪ್ರಾಯ

ಕರಾವಳಿಯ ಕಡೆಯಿಂದ ಒಂದು ಮಾತು, ಸರ್. ನೀವು ಬಂದರನ್ನು ಓಡಿಸಿದಿರಿ, ಸರಿ. ಆದರೆ ‘ಡಾಕ್’ ಹಡಗಿನದೇ. ನಮ್ಮಲ್ಲಿ ಅದಕ್ಕೆ ‘ದಕ್ಕೆ’ ಎನ್ನುತ್ತಾರೆ. ಮಂಗಳೂರಿನ ದಕ್ಕೆಯಲ್ಲಿ ಬೋಟು ಬಂದು ತಾಗುತ್ತದೆ, ಮೀನು ಇಳಿಯುತ್ತದೆ, ಮಂಜುಗಡ್ಡೆ, ಡೀಸೆಲ್ಲು ಏರುತ್ತದೆ, ಬೋಟು ಮತ್ತೆ ಹೊರಡುತ್ತದೆ. ಮುಂಬಯಿಯ ಭಾವುಚಾ ಧಕ್ಕಾದಲ್ಲಿರುವುದೂ ಇದೇ ಪದ. ಲ್ಯಾಪ್‌ಟಾಪ್ ಮೇಜಿಗೆ ಬಂದಾಗ ನಡೆಯುವುದೂ ಅದೇ ಅಲ್ಲವೇ? 1992ರ ಆಪಲ್ ‘ಡ್ಯುಯೊ ಡಾಕ್’ನಲ್ಲಂತೂ ಪುಟ್ಟ ಪವರ್‌ಬುಕ್ಕನ್ನು ಮುಚ್ಚಿ, ವಿಡಿಯೊ ಕ್ಯಾಸೆಟ್ಟಿನಂತೆ ಇಡಿಯಾಗಿ ಪೆಟ್ಟಿಗೆಯೊಳಗೆ ತಳ್ಳಬೇಕಿತ್ತು, ನಿಜಕ್ಕೂ ದಕ್ಕೆಗೆ ತಾಗಿಸಿದ ಹಾಗೆ. ಸದ್ದಿನಲ್ಲೂ ಡಾಕ್, ದಕ್ಕೆ ಹತ್ತಿರ.

ಅಪಾಯವೂ ಹೇಳಿಬಿಡುತ್ತೇನೆ. ಕೆಲವರು ಅದನ್ನು ‘ಧಕ್ಕೆ’ ಎಂದೇ ಬರೆಯುತ್ತಾರೆ, ಆಗ ಘಟ್ಟದ ಮೇಲಿನವರಿಗೆ “ಗೌರವಕ್ಕೆ ಧಕ್ಕೆ” ನೆನಪಾಗುತ್ತದೆ. “ನಿಮ್ಮ ಲ್ಯಾಪ್‌ಟಾಪಿಗೆ ಧಕ್ಕೆ ಬೇಕೇ?” ಎಂಬ ಶೀರ್ಷಿಕೆ ನೋಡಿ ಯಾರೂ ಕೊಳ್ಳಲಿಕ್ಕಿಲ್ಲ. 2025ರ ಜನವರಿ 16ರಂದು ಇಸ್ರೊದ ಸ್ಪೇಡೆಕ್ಸ್ ಉಪಗ್ರಹಗಳು ಕೂಡಿಕೊಂಡಾಗ ‘ಡಾಕಿಂಗ್’ ಪದವೇ ಪತ್ರಿಕೆಗಳಲ್ಲಿ ಓಡಾಡಿದೆ. ಹೆಸರು ಡಾಕ್ ಇರಲಿ, ವಿವರಣೆಯಲ್ಲಿ ದಕ್ಕೆ ಬರಲಿ.

‘ಡಾಂಗಲ್’ ಪದವನ್ನೂ ಕೈಪಿಡಿಯಿಂದ ತೆಗೆಯಿರಿ. ಮೂಲದಲ್ಲಿ ಅದು ಸಿ ಕಿಂಡಿಗೆ ಹಾಕುವ ಸಣ್ಣ ಪರಿವರ್ತಕವಿರಬಹುದು. ನಮ್ಮ ಅಂಗಡಿಯಲ್ಲಿ ಡಾಂಗಲ್ ಕೇಳಿದರೆ ಸಿಮ್ ಹಾಕುವ ಇಂಟರ್‌ನೆಟ್ ಕಡ್ಡಿ ಕೊಡುತ್ತಾರೆ.

ಮರುಪ್ರಶ್ನೆ

ತುಂಬ ಉಪಕಾರವಾಯಿತು. ಎರಡು ಉಳಿದಿವೆ. ‘ಮಿರರ್’ ಮತ್ತು ‘ಎಕ್ಸ್‌ಟೆಂಡ್’ಗೆ ಕರಡಿನಲ್ಲಿ ‘ಕನ್ನಡಿ’, ‘ವಿಸ್ತರಣೆ’ ಎಂದಿದೆ. ‘ಅಪ್‌ಸ್ಟ್ರೀಮ್’ಗೆ, ಕೃಷ್ಣಾ ಮೇಲ್ದಂಡೆ ಯೋಜನೆಯ ಮಾದರಿಯಲ್ಲಿ, ‘ಮೇಲ್ದಂಡೆ ಕಿಂಡಿ’ ಎಂದು ಸಹೋದ್ಯೋಗಿಯೊಬ್ಬರ ಸೂಚನೆ.

ಉತ್ತರ

ಕನ್ನಡಿ ಎಡವನ್ನು ಬಲ ಮಾಡುತ್ತದೆ, ಪರದೆ ಮಾಡುವುದಿಲ್ಲ. ‘ಅದೇ ಚಿತ್ರ’, ‘ಮುಂದುವರಿದ ಪರದೆ’ ಸಾಕು. ಈ ಜೋಡಿ ಪದಗಳು ಕೊಳ್ಳುವಾಗಲೇ ಬೇಕಾಗುತ್ತವೆ. ಒಂದು ಕೇಬಲಿನಲ್ಲಿ ಎರಡು ಮಾನಿಟರಿನ ಚಿತ್ರ ಕಳಿಸುವ ಎಂಎಸ್‌ಟಿ ಎಂಬ ತಂತ್ರವನ್ನು ವಿಂಡೋಸ್ ಒಪ್ಪುತ್ತದೆ, ಮ್ಯಾಕ್‌ಒಎಸ್ ಪರದೆ ಮುಂದುವರಿಸಲು ಒಪ್ಪುವುದಿಲ್ಲ. ಎರಡು ಎಚ್‌ಡಿಎಂಐ ಇರುವ ಅಂಥ ಡಾಕನ್ನು ಮ್ಯಾಕ್‌ಬುಕ್ಕಿಗೆ ಹಾಕಿದರೆ ಎರಡರಲ್ಲೂ ಅದೇ ಚಿತ್ರ. ಡಾಕ್ ಕೆಟ್ಟಿಲ್ಲ, ವಾಪಸ್ ಕೊಟ್ಟು ಅದೇ ಬಗೆಯ ಇನ್ನೊಂದು ತಂದರೂ ಅಷ್ಟೇ.

ಇಲ್ಲಿ ಅಂಗಡಿಯವರು ‘ಡಿಸ್‌ಪ್ಲೇಲಿಂಕ್’ ಡಾಕ್ ತೋರಿಸುತ್ತಾರೆ. ಡಿಸ್‌ಪ್ಲೇಪೋರ್ಟ್‌ಗೂ ಅದಕ್ಕೂ ಹೆಸರು ಬಿಟ್ಟರೆ ನಂಟಿಲ್ಲ. ಡಿಸ್‌ಪ್ಲೇಲಿಂಕ್ ಚಿತ್ರವನ್ನು ಹಿಂಡಿ ಮಾಮೂಲಿ ಯುಎಸ್‌ಬಿ ಮಾಹಿತಿಯಾಗಿ ಸಾಗಿಸುತ್ತದೆ. ಹಾಗಾಗಿ ಚಿತ್ರ ಬಾರದ ಕಿಂಡಿಯಲ್ಲೂ, ಹೊರಗೆ ಒಂದೇ ಮಾನಿಟರ್ ಒಪ್ಪುವ ಎಂ1, ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್‌ನಲ್ಲೂ ನಡೆಯುತ್ತದೆ. ಬದಲಿಗೆ ಡ್ರೈವರ್ (ಸಾಧನವನ್ನು ನಡೆಸುವ ಸಣ್ಣ ತಂತ್ರಾಂಶ) ಹಾಕಬೇಕು, ಪ್ರೊಸೆಸರಿಗೆ ಹೊರೆ, ನಕಲು ರಕ್ಷಣೆಯಿರುವ ಸಿನಿಮಾ ಹಾಕಿದರೆ ಪರದೆ ಕಪ್ಪಾಗಬಹುದು. ಕಚೇರಿಯ ಪತ್ರ, ಲೆಕ್ಕಪಟ್ಟಿಗೆ ಧಾರಾಳ ಸಾಕು. ವಿಡಿಯೊ ಸಂಕಲನಕ್ಕೆ ನಾನು ಬೇಡ ಎನ್ನುತ್ತೇನೆ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಡ್ರೈವರ್ ಹಾಕಲು ಅನುಮತಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳುವಂತೆ ಒಂದು ಸಾಲು ಸೇರಿಸಿ.

ಮೇಲ್ದಂಡೆ ಸೊಗಸಾಗಿದೆ, ಆದರೆ ಓದುಗರು ಡಾಕಿನ ಮೇಲ್ಭಾಗದಲ್ಲಿ ಹುಡುಕುತ್ತಾರೆ. ಕರೆಂಟು ಡಾಕಿನಿಂದ ಲ್ಯಾಪ್‌ಟಾಪಿಗೆ ಹೋಗುವಾಗ ಹೊಳೆ ಉಲ್ಟಾ ಹರಿದಂತೆಯೂ ಆಗುತ್ತದೆ. ‘ಲ್ಯಾಪ್‌ಟಾಪ್ ಕಡೆಯ ಕಿಂಡಿ’ ಎನ್ನಿ, ‘ಆತಿಥೇಯ’ವೂ ಅದರಲ್ಲೇ ಮುಗಿಯಿತು. ಡಾಕಿನಲ್ಲಿ ಎರಡು ಸಿ ಕಿಂಡಿಗಳಿದ್ದರೆ ಹೆಚ್ಚಾಗಿ ಲ್ಯಾಪ್‌ಟಾಪ್ ಚಿತ್ರ ಅಥವಾ ‘ಹೋಸ್ಟ್’ ಎಂಬ ಬರಹ ಇರುವುದೇ ಅದು. ಇನ್ನೊಂದಕ್ಕೆ ಹಾಕಿದರೆ ಮಾನಿಟರ್ ಏಳುವುದಿಲ್ಲ. ಫೋನಿನ ಚಾರ್ಜಿಂಗ್ ಕೇಬಲ್ ಬಳಸಿದರೂ ಏಳುವುದಿಲ್ಲ. ಅಂಥ ಹಲವು ಕೇಬಲುಗಳಲ್ಲಿ ಆ ನಾಲ್ಕು ಓಣಿಗಳ ತಂತಿಯೇ ಇರುವುದಿಲ್ಲ.

ಕರಡಿನ ಆ ಎರಡು ವಾಕ್ಯಗಳನ್ನು ಹೀಗೆ ಬರೆಯಬಹುದು: “ಡಾಕ್ ಕೊಳ್ಳುವ ಮೊದಲು ನಿಮ್ಮ ಲ್ಯಾಪ್‌ಟಾಪಿನ ಸಿ ಕಿಂಡಿಯಿಂದ ಚಾರ್ಜ್ ಆಗುತ್ತದೆಯೇ, ಮಾನಿಟರಿಗೆ ಚಿತ್ರ ಹೋಗುತ್ತದೆಯೇ ಎಂದು ನೋಡಿ. ಎರಡೂ ಆಗುವುದಾದರೆ ಡಾಕಿನ ಜೊತೆ ಬಂದ ಕೇಬಲನ್ನೇ ಲ್ಯಾಪ್‌ಟಾಪ್ ಕಡೆಯ ಕಿಂಡಿಗೆ ಸಿಕ್ಕಿಸಿ. ಥಂಡರ್‌ಬೋಲ್ಟ್ 4 ಇದ್ದರೆ 4ಕೆ ಮಾನಿಟರ್ ಎರಡನ್ನು ಹಾಕಬಹುದು. ಮ್ಯಾಕ್ ಆದರೆ ಅದರ ಚಿಪ್ ಎಷ್ಟು ಮಾನಿಟರ್ ಒಪ್ಪುತ್ತದೆ ಎಂದೂ ನೋಡಿ.”

ವೈರ್‌ಲೆಸ್ ಮೌಸಿನ ಜೊತೆ ಬರುವ, ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಗುಬುಟನ್ನು ಡಾಕಿನ ನೀಲಿ ಕಿಂಡಿಯ ಪಕ್ಕ ಹಾಕಬೇಡಿ ಎಂದೂ ಸೇರಿಸಿಬಿಡಿ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್ ಹತ್ತಿರವೂ ಹರಡುವುದರಿಂದ ಬಾಣ ತಡವರಿಸುತ್ತದೆ. ಒಂದು ಗೇಣಿನ ಎಕ್ಸ್‌ಟೆನ್ಶನ್ ತಂತಿ ಹಾಕಿ ದೂರ ತಂದರೆ ಸರಿಹೋಗುತ್ತದೆ.